ದೊಡ್ಡಪ್ಪ ಕೊಂಡ ಬಸ್ಸು

ಸುದ್ದಿ ಬಂದಾಗ ಅವಳು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಯಾರದೋ ಎಡಗಣ್ಣಿನ ಗಾಜನ್ನು ಉಜ್ಜುತ್ತಿದ್ದಳು. ಮೇಜಿನ ಮೇಲಿದ್ದ ಫೋನು ಒಮ್ಮೆ ನಡುಗಿತು, ಮತ್ತೊಮ್ಮೆ ನಡುಗಿತು, ಆಮೇಲೆ ಚಳಿಜ್ವರ ಬಂದವರ ಹಾಗೆ ನಡುಗುತ್ತ ನಡುಗುತ್ತಲೇ ಮೇಜಿನ ಅಂಚಿಗೆ ಸರಿದು ಕಸದ ಬುಟ್ಟಿಗೆ ಬಿತ್ತು. ಬುಟ್ಟಿಯೊಳಗೂ ಅದರ ನಡುಕ ನಿಲ್ಲಲಿಲ್ಲ.

"ಯಾರಾದ್ರೂ ಹೋಗಿಬಿಟ್ರಾ?" ಅಂಗಡಿಯ ಯಜಮಾನ ಪರದೆ ಸರಿಸಿ ಕೇಳಿದ.

ಅವಳು ಫೋನನ್ನು ಎತ್ತಿಕೊಂಡು ಓದಿದಳು. "ಮಾರಿಬಿಟ್ರಂತೆ."

"ಏನನ್ನ?"

"ನಮ್ಮನ್ನ."

ಯಜಮಾನ "ಆ ಗಾಜು ಮಧ್ಯಾಹ್ನದೊಳಗೆ ಬೇಕು," ಎಂದು ಪರದೆ ಇಳಿಬಿಟ್ಟ.

ವಿಷಯ ಇಷ್ಟು. ಐದು ವರ್ಷದ ಹಿಂದೆ ಮೂವರು ಗೆಳೆಯರು ಒಂದು ಕಾರ್ ಶೆಡ್ಡಿನಲ್ಲಿ ಕೂತು ತಲೆಗೆ ಕಟ್ಟಿಕೊಳ್ಳುವ ಸಾಧನವೊಂದನ್ನು ಮಾಡಿದರು. ಕಟ್ಟಿಕೊಂಡರೆ ಎದುರಿನ ಗೋಡೆ ಮಾಯವಾಗಿ ಇನ್ನೊಂದು ಲೋಕ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಏನೋ ಉದ್ದದ ಹೆಸರಿತ್ತು. ಆಡುವವರು ಮಾತ್ರ 'ಡಬ್ಬಿ' ಎನ್ನುತ್ತಿದ್ದರು. ಮೊದಲ ವರ್ಷದ ಡಬ್ಬಿ ಹತ್ತು ನಿಮಿಷಕ್ಕೆ ಕಾದು ಹೆಂಚಾಗುತ್ತಿತ್ತು. ತೆಗೆದರೆ ಹಣೆಯ ಮೇಲೆ ಚೌಕಾಕಾರದ ಕೆಂಪು ಗುರುತು. ದಾರಿಯಲ್ಲಿ ಆ ಗುರುತು ಕಂಡರೆ ಸಾಕು, ಅಪರಿಚಿತರೂ ನೆಂಟರಾಗಿಬಿಡುತ್ತಿದ್ದರು. ಬಾರು ಹರಿದರೆ ಹೊಲಿದುಕೊಂಡರು, ತಲೆ ಸುತ್ತಿದರೆ ಮಲಗಿ ಎದ್ದರು, ತಪ್ಪುಗಳನ್ನು ಪಟ್ಟಿ ಮಾಡಿ ಆ ಮೂವರಿಗೆ ಬರೆದರು. ಹೀಗೆ ಎದೆ ಮೇಲೆ ಹಾಕಿಕೊಂಡು ಸಾಕಿದ ಕೂಸನ್ನು ಈಗ ದೊಡ್ಡಪ್ಪ ದತ್ತು ತೆಗೆದುಕೊಂಡಿದ್ದ.

ದೊಡ್ಡಪ್ಪ ಎಂದರೆ ಒಂದು ಕಂಪನಿ. ಲೋಕದ ಅರ್ಧ ಜನರ ಫೋನಿನಲ್ಲಿ ಕೂತಿರುವ ಕಂಪನಿ. ಎಲ್ಲರ ಹುಟ್ಟಿದ ದಿನ ಅದಕ್ಕೆ ಗೊತ್ತು, ಯಾರಿಗೆ ಇನ್ನೂ ಮದುವೆಯಾಗಿಲ್ಲ ಎಂಬುದೂ ಗೊತ್ತು. ಕೇಳದಿದ್ದರೂ ಬುದ್ಧಿ ಹೇಳುತ್ತದೆ, ಒಮ್ಮೆ ಮನೆಗೆ ಬಂದರೆ ಹೊರಡುವ ಮಾತಿಲ್ಲ. ಆ ಅಡ್ಡಹೆಸರನ್ನು ಯಾರು ಇಟ್ಟರೋ ತಿಳಿಯದು. ತಮ್ಮ ಸ್ವಂತ ದೊಡ್ಡಪ್ಪಂದಿರ ಮೇಲಿನ ಸಿಟ್ಟನ್ನೂ ಸೇರಿಸಿ ಎಲ್ಲರೂ ಬಳಸುತ್ತಿದ್ದರು.

ಡಬ್ಬಿ ಬಳಗದ ಆನ್‌ಲೈನ್ ಹರಟೆಕಟ್ಟೆಯನ್ನು ನೋಡಿಕೊಳ್ಳುವವಳು ಅವಳೇ. ಜಗಳ ಬಿಡಿಸುವುದು, ಕೆಟ್ಟ ಮಾತು ಅಳಿಸುವುದು ಅವಳ ಕೆಲಸವಾದ್ದರಿಂದ ಎಲ್ಲರೂ 'ಮಾನಿಟರ್' ಎಂದು ಕರೆಯುತ್ತಿದ್ದರು. ಆ ಮಧ್ಯಾಹ್ನ ಅವಳು ಅಳಿಸಿದ್ದು ನಾನೂರು ಮಾತು. ಉಳಿದವುಗಳಲ್ಲಿ ಒಬ್ಬ ಬರೆದಿದ್ದ: 'ಇನ್ನು ಮೇಲೆ ಆಟದಲ್ಲಿ ಸತ್ತರೆ ದೊಡ್ಡಪ್ಪನೇ ತಿಥಿಯ ದಿನ ನೆನಪಿಸುತ್ತಾನೆ.' ಇನ್ನೊಬ್ಬ: 'ನನ್ನ ಹೆಂಡತಿಗೆ ಬಹಳ ಖುಷಿಯಾಗಿದೆ. ನನಗೆ ಅದೇ ಹೆಚ್ಚು ನೋವು.'

ಶನಿವಾರ ಬೆಳಿಗ್ಗೆ ಬಳಗದ ಸಮಿತಿಯ ಹನ್ನೊಂದು ಜನ ಪ್ಲಂಬರನ ಅಂಗಡಿಯಲ್ಲಿ ಸೇರಿದರು. ಪ್ಲಂಬರ್ ನಿಜವಾಗಿಯೂ ಪ್ಲಂಬರೇ. ನಲ್ಲಿ, ಪೈಪು, ಬೇಸಿನ್ನು ಮಾರುತ್ತಿದ್ದ. ಕುರ್ಚಿ ಇದ್ದದ್ದು ಎರಡೇ ಆದ್ದರಿಂದ ಉಳಿದವರು ಪ್ಲಾಸ್ಟಿಕ್ ಸುತ್ತಿದ ಹೊಸ ಕಮೋಡುಗಳ ಮೇಲೆ ಸಾಲಾಗಿ ಕೂತರು. ಹೊರಗಿನಿಂದ ನೋಡಿದವರಿಗೆ ಅದೊಂದು ಗಂಭೀರ ಸಭೆಯಂತೆ ಕಾಣುವ ಸಾಧ್ಯತೆ ಕಡಿಮೆಯಿತ್ತು.

"ಮಕ್ಕಳೇ," ಎಂದು ಬೆಂಕಿ ಎದ್ದು ನಿಂತಳು, "ಅಲ್ಲ, ಮಿತ್ರರೇ." ಬೆಂಕಿ ಎಂಬ ಅಡ್ಡಹೆಸರಿನ ಇವಳು ಶಿಶುವಿಹಾರದ ಟೀಚರು. ಹರಟೆಕಟ್ಟೆಯಲ್ಲಿ ಅವಳು ಬರೆದದ್ದು ಓದಿದರೆ ಕಣ್ಣುರಿ ಬರುತ್ತಿತ್ತು; ಎದುರಿಗೆ ಬಂದರೆ ಎಲ್ಲರಿಂದಲೂ ಬಾಯಿ ಮೇಲೆ ಬೆರಳಿಡಿಸುವ ಅಭ್ಯಾಸ. "ಅರ್ಜಿ ಬರೆಯೋದು, ಬೇಡಿಕೊಳ್ಳೋದು ಸಾಕು. ನಾಳೆ ಹತ್ತು ಗಂಟೆಗೆ ಎಲ್ಲರೂ ಡಬ್ಬಿ ಹಾಕ್ಕೊಂಡು ಒಳಗಿನ ದೊಡ್ಡ ಚೌಕದಲ್ಲಿ ಸೇರಬೇಕು. ಸೇರಿ, ಒಬ್ಬರಾದ ಮೇಲೆ ಒಬ್ಬರು ಖಾತೆ ಅಳಿಸಬೇಕು. ದೊಡ್ಡಪ್ಪ ಕೊಂಡ ಮನೇಲಿ ಒಂದು ನರಪಿಳ್ಳೆ ಇರಬಾರದು."

"ಯಾರಾದ ಮೇಲೆ ಯಾರು ಅಂತ ಕ್ರಮ ಬೇಕು," ಎಂದ ವಕೀಲ. ಅವನು ವಕೀಲನಲ್ಲ. ಒಂಬತ್ತು ವರ್ಷದಿಂದ ವಕೀಲರ ಕಚೇರಿಯಲ್ಲಿ ಟೈಪು ಮಾಡುತ್ತಿದ್ದ. ಅಷ್ಟಕ್ಕೇ ವಕೀಲರ ಮಾತು ಅವನಿಗೂ ಅಂಟಿಕೊಂಡಿತ್ತು. "ಕ್ರಮ ಇಲ್ಲದಿದ್ರೆ ಅಳಿಸೋ ಗುಂಡೀನ ಅವನು ಒತ್ತಲಿ ಅಂತ ಇವನು, ಇವನು ಒತ್ತಲಿ ಅಂತ ಅವನು. ಮೊದಲಿನವರು ಒತ್ತೋವರೆಗೂ ಉಳಿದವರು ಕೈ ಕಟ್ಟಿಕೊಂಡು ನಿಲ್ಲಬೇಕು."

ಎಲ್ಲರೂ ಕಮೋಡಿನ ಮೇಲೆಯೇ ಮೈ ಮುದುಡಿಕೊಂಡರು. ನಾಲ್ಕು ದಿನದ ಸಿಟ್ಟಿನಲ್ಲಿ ಮಾನಿಟರ್ ಮುಂದೆ ಹೋಗಿ ಮೇಜಿನ ಮೇಲಿದ್ದ ಡಬ್ಬಿಯ ಮೇಲೆ ಕೈಯಿಟ್ಟಳು. "ಮೊದಲ ಗುಂಡಿ ನಂದು."

ಬಳಗದಲ್ಲಿ ಅದೊಂದು ಕಟ್ಟಳೆ. ಡಬ್ಬಿ ಮುಟ್ಟಿ ಆಡಿದ ಮಾತಿಗೆ ಎರಡಿಲ್ಲ. ಪಂದ್ಯವೊಂದರಲ್ಲಿ ಸೋತ ಪ್ಲಂಬರ್ ಹೀಗೇ ಡಬ್ಬಿ ಮುಟ್ಟಿ, ಒಂದು ವರ್ಷ ಡ್ರ್ಯಾಗನ್ ರೂಪದಲ್ಲೇ ಆಡುತ್ತೇನೆ ಎಂದಿದ್ದ. ವರ್ಷ ಕಳೆದು ನಾಲ್ಕು ತಿಂಗಳಾಗಿತ್ತು. ಈಗ ಬಾಲವಿಲ್ಲದೆ ನಡೆಯಲು ಬರುವುದಿಲ್ಲ ಎನ್ನುತ್ತಿದ್ದ.

ಚಪ್ಪಾಳೆಯಾಯಿತು. ಅವಳ ಎದೆ ಉಬ್ಬಿತು. ಉಬ್ಬಿದ ಎದೆ ಮನೆಯ ತಿರುವಿನವರೆಗೂ ಉಬ್ಬಿಯೇ ಇತ್ತು. ತಿರುವಿನಲ್ಲಿ, ಕಿಟಕಿಯೊಳಗಿನಿಂದ ಅಪ್ಪನ ದನಿ ಕೇಳಿಸಿತು: "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ." ಅವಳು ಅಲ್ಲೇ ನಿಂತುಬಿಟ್ಟಳು.

ಅಪ್ಪನ ಬಸ್ಸು ಓಡುತ್ತಿದ್ದದ್ದು ಅವಳ ಖಾತೆಯಲ್ಲಿ.

ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಬಲಗಣ್ಣು ಪೂರ್ತಿ, ಎಡಗಣ್ಣು ಅರ್ಧ ಹೋದ ಮೇಲೆ ಲೈಸೆನ್ಸಿನ ಕಚೇರಿಯವರು ಅರ್ಜಿಯನ್ನು ಮಾತಿಲ್ಲದೆ ಅವನ ಕಡೆಗೇ ತಳ್ಳಿದ್ದರು. ಆಮೇಲೆ ಆರು ತಿಂಗಳು ಅಪ್ಪ ಗೋಡೆ ನೋಡುತ್ತ ಕೂತ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಅವನ ಬಲಗಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಅದನ್ನು ನೋಡಲಾಗದೆ ಅವಳು ಅವನ ಎಡಗಣ್ಣಿಗೆ ತಕ್ಕ ಗಾಜು ಉಜ್ಜಿ ಹೊಸ ಡಬ್ಬಿಯೊಳಗೆ ಕೂರಿಸಿದಳು. ತನಗೆ ಹಳೆಯ, ಕಾದು ಹೆಂಚಾಗುವ ಡಬ್ಬಿಯನ್ನೇ ಇಟ್ಟುಕೊಂಡಳು. ಒಳಗೆ ಅಪ್ಪನ ಹಳೆಯ ದಾರಿಯನ್ನೇ ಕಟ್ಟಿದಳು: ಮಾರುಕಟ್ಟೆ, ಶಾಲೆ, ಅಂಚೆ ಕಚೇರಿ, ಆಸ್ಪತ್ರೆ, ಕೊನೆಯ ಸ್ಟಾಪು. ಫಲಕಗಳ ಅಕ್ಷರಗಳನ್ನು ಬಾಗಿಲಿನಷ್ಟು ದೊಡ್ಡದು ಮಾಡಿದಳು. ಸ್ಟೀರಿಂಗೊಂದನ್ನು ಇಸ್ತ್ರಿ ಮಣೆಗೆ ಬಿಗಿದಳು. ಮೂರು ವರ್ಷದಿಂದ ಆ ಮನೆಯಲ್ಲಿ ಯಾರ ಬಟ್ಟೆಗೂ ಇಸ್ತ್ರಿಯಿರಲಿಲ್ಲ.

ಅಪ್ಪ ಸುಲಭಕ್ಕೆ ಒಪ್ಪುವ ಗಿರಾಕಿಯಲ್ಲ. "ಅಂಚೆ ಕಚೇರಿ ಮುಂದಿನ ಗುಂಡಿ ಎಲ್ಲಿ?" ಎಂದು ಮೊದಲ ದಿನವೇ ಕೇಳಿದ್ದ. "ರಸ್ತೆ ಚೆನ್ನಾಗಿರ್ಲಿ ಅಂತ ಬಿಟ್ಟೆ ಅಪ್ಪ." "ಗುಂಡಿ ಇಲ್ದೆ ಬ್ರೇಕ್ ಎಲ್ಲಿ ಹಿಡಿಯೋದು ಅಂತ ಹೆಂಗೆ ಗೊತ್ತಾಗುತ್ತೆ?" ಅವಳು ಗುಂಡಿ ತೋಡಿದಳು. ಆಳ ಸಾಲದೆಂದು ಎರಡು ಸಲ ತೋಡಿದಳು. ಪ್ರಯಾಣಿಕರನ್ನೂ ಮಾಡಿ ಕೂರಿಸಿದಳು, ಹದಿನಾಲ್ಕು ಜನಕ್ಕೆ ಮೂರೇ ಮುಖ. "ಈ ಮೂರು ಜನಕ್ಕೆ ಬೇರೆ ಕೆಲಸ ಇಲ್ವಾ? ದಿನಾ ಹತ್ತುತಾರಲ್ಲ," ಎಂದು ಅಪ್ಪ ಗೊಣಗುತ್ತಿದ್ದ.

ಈ ದಾರಿಯನ್ನು ಬೇರೆ ಖಾತೆಗೆ ಸಾಗಿಸಬಹುದೇ ಎಂದು ಅವಳು ಕಂಪನಿಯ ಸಹಾಯದ ಪುಟದಲ್ಲಿ ಹುಡುಕಿದಳು. 'ಈ ಸೌಲಭ್ಯ ಶೀಘ್ರದಲ್ಲೇ ಬರಲಿದೆ' ಎಂದಿತ್ತು. ಆ ವಾಕ್ಯಕ್ಕೂ ಮೂರು ವರ್ಷವಾಗಿತ್ತು.

"ಅಪ್ಪ, ಒಂದ್ವೇಳೆ ಈ ಬಸ್ಸು ನಿಂತೋದ್ರೆ?" ಎಂದು ಸಂಜೆ ಮೆಲ್ಲಗೆ ಕೇಳಿ ನೋಡಿದಳು.

"ಕ್ಲಚ್ ನೋಡಬೇಕು," ಎಂದ ಅಪ್ಪ.

"ಹಾಗಲ್ಲ, ಪೂರ್ತಿ ನಿಂತೋದ್ರೆ?"

"ಪೂರ್ತಿ ನಿಂತ್ರೆ ಕ್ಲಚ್ಚೇ ಅಲ್ವೇನಮ್ಮ ಮತ್ತೆ?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮನಿಗೆ ಅರ್ಥವಾಯಿತು. ಅಡುಗೆಮನೆಗೆ ಕರೆದು ಬಾಯಿ ಬಿಡಿಸಿದಳು. "ಮಾತು ಕೊಡೋ ಮುಂಚೆ ಮನೇಲಿ ಒಂದು ಮಾತು ಕೇಳಬೇಕು ಅಂತ ಇಲ್ವಾ ನಿಮ್ಮ ಬಳಗದಲ್ಲಿ?"

"ಸಿಟ್ಟಲ್ಲಿ ಬಂದ್ಬಿಡ್ತಮ್ಮ."

"ಸಿಟ್ಟು ನಿಂದು, ಬಸ್ಸು ಅವರದು," ಎಂದಳು ಅಮ್ಮ. "ನಾನಂತೂ ಹೇಳಲ್ಲ. ಆ ಆರು ತಿಂಗಳು ಮತ್ತೆ ಬಂದ್ರೆ ಗೋಡೆ ಪಕ್ಕ ನೀನು ಕೂತ್ಕೋ, ನಾನು ಕೂರಲ್ಲ."

ಅತ್ತ ದರಿ, ಇತ್ತ ಪುಲಿ. ಗುಂಡಿ ಒತ್ತಿದರೆ ಅಪ್ಪ ಗೋಡೆಯ ಪಾಲು. ಒತ್ತದಿದ್ದರೆ ಐದು ವರ್ಷ ಎಲ್ಲರಿಗೂ ನಿಯಮ ಹೇಳಿದ ಮಾನಿಟರ್ ನಗೆಪಾಟಲು.

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಅವಳು ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಳೆಯ ಡಬ್ಬಿ ಕಟ್ಟಿಕೊಂಡಳು. ಹಾಲ್‌ನಲ್ಲಿ ಅಪ್ಪ ಆಗಲೇ ಇಸ್ತ್ರಿ ಮಣೆಯ ಮುಂದೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕಣ್ಣೆದುರು ಎಂದೂ ಇಲ್ಲದ ಒಂದು ಪುಟ ಬಂತು: 'ನಮ್ಮ ದೊಡ್ಡ ಕುಟುಂಬಕ್ಕೆ ಸ್ವಾಗತ.' ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು, ಅದರ ಕೆಳಗೆ 'ಒಪ್ಪಿದ್ದೇನೆ'. ಅವಳಿಗೆ ತಡವಾಗುತ್ತಿತ್ತು. ಒತ್ತಿ ಒಳಗೆ ಓಡಿದಳು.

ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ರೋಬೋಟು, ಕರಡಿ, ಕುದುರೆ ಮುಖದ ಸೈನಿಕರು, ಕೈಕಾಲು ಬಂದ ಟೀಪಾಟು, ಬೇರೆ ಬೇರೆ ಊರಿನ ಸಾವಿರಾರು ಜನ. ಅವಳದು ತಲೆಯ ಜಾಗದಲ್ಲಿ ಲಾಂದ್ರವಿರುವ ರೂಪ. ಬೆಂಕಿ ಬಿಳಿ ಮೊಲವಾಗಿ ಎತ್ತರದ ಕಲ್ಲಿನ ಮೇಲೆ ನಿಂತಿದ್ದಳು.

"ದೊಡ್ಡಪ್ಪನ ಒಂದು ನಿಯಮಕ್ಕೂ ನಾವು ತಲೆಬಾಗಲ್ಲ," ಎಂದು ಮೊಲ ಕೂಗಿತು. ಜನ ಹೋ ಎಂದರು.

ಗೂಬೆಯ ರೂಪದಲ್ಲಿದ್ದ ವಕೀಲ ರೆಕ್ಕೆ ಎತ್ತಿದ. "ಒಂದು ಸಣ್ಣ ವಿಚಾರ. ಒಳಗೆ ಬರೋವಾಗ ಎಲ್ಲರೂ ಏನಾದ್ರೂ ಒತ್ತಿದ್ರಾ?"

ಕೂಗು ನಿಂತಿತು.

"ನಾನೂ ಒತ್ತಿದೆ," ಎಂದ ವಕೀಲ. "ಒತ್ತಿ, ಆಮೇಲೆ ಓದ್ದೆ. ನಾವೆಲ್ಲ ಈಗ ಅವನ ನಿಯಮಕ್ಕೆ ಸಹಿ ಹಾಕಿ, ಅವನ ಅಂಗಳದಲ್ಲಿ ನಿಂತು, ಅವನಿಗೆ ಬಯ್ಯುತಾ ಇದ್ದೀವಿ."

ಅಷ್ಟು ಹೊತ್ತಿಗೆ ಆಕಾಶದಲ್ಲಿ ಬಣ್ಣದ ಅಕ್ಷರಗಳು ಮೂಡಿದವು: 'ಇಂದು ಚೌಕಕ್ಕೆ ದಾಖಲೆ ಸಂಖ್ಯೆಯಲ್ಲಿ ಬಂದಿದ್ದೀರಿ. ನಿಮ್ಮ ಪ್ರೀತಿಗೆ ಧನ್ಯವಾದ.' ಮೇಲಿನಿಂದ ಹೂಮಳೆ ಸುರಿಯಿತು. ಡ್ರ್ಯಾಗನ್ ಪ್ಲಂಬರ್ ಮೂತಿಯ ಮೇಲಿನ ಹೂ ಕೊಡವಿಕೊಂಡು, "ಮರ್ಯಾದೆ ತೆಗೆದ್ರೆ ಹೀಗೆ ತೆಗೀಬೇಕು," ಎಂದ.

"ಪರವಾಗಿಲ್ಲ," ಎಂದು ಬೆಂಕಿ ಹಲ್ಲು ಕಚ್ಚಿದಳು. "ಅಳಿಸೋದು ನಮ್ಮ ಕೈಲೇ ಇದೆ. ಮಾನಿಟರ್, ಶುರು ಮಾಡಿ."

ಸಾವಿರಾರು ಮುಖಗಳು ಲಾಂದ್ರದ ಕಡೆ ತಿರುಗಿದವು. ಅವಳು ಗಾಳಿಯಲ್ಲಿ ಕೈಯಾಡಿಸಿದಳು. 'ಖಾತೆಯನ್ನು ಅಳಿಸಬೇಕೆ?' ಎಂಬ ಫಲಕ ಬಂತು, ಹೌದು ಎಂಬ ಗುಂಡಿಯೂ ಬಂತು. ಬೆರಳು ಗುಂಡಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅಷ್ಟರಲ್ಲಿ ಫಲಕದ ಮೇಲೆ ಇನ್ನೊಂದು ಫಲಕ: 'ಚೌಕ ತುಂಬಿದೆ. ನಿಮ್ಮನ್ನೂ ನಿಮ್ಮ ಗೆಳೆಯರನ್ನೂ ನಿಮ್ಮ ಖಾತೆಯ ಇನ್ನೊಂದು ಜಾಗಕ್ಕೆ ಸಾಗಿಸುತ್ತಿದ್ದೇವೆ.'

ಚೌಕ ಕರಗಿತು. ಸಮಿತಿಯ ಹನ್ನೊಂದು ಜನ ಒಂದು ಬಸ್ಸಿನೊಳಗೆ ಇದ್ದರು.

"ಬಾಗಿಲ ಹತ್ರ ಯಾರ್ರೀ ಅದು? ಬಾಲ ಒಳಗೆ ಹಾಕ್ಕೊಳ್ಳಿ," ಎಂದಿತು ಡ್ರೈವರಿನ ದನಿ. ಅವಳಿಗೆ ಅದು ಎರಡು ಸಲ ಕೇಳಿಸಿತು. ಮೊದಲು ಗೋಡೆಯಾಚೆ ಹಾಲ್‌ನಿಂದ, ಮರುಕ್ಷಣ ಡಬ್ಬಿಯಿಂದ ಕಿವಿಗೆ.

ಪ್ಲಂಬರ್ ಸುಮ್ಮನೆ ಬಾಲ ಎಳೆದುಕೊಂಡ.

"ಗೂಬೆಯವರೇ, ಹಿಂದೆ ಸೀಟಿದೆ, ಕೂತ್ಕೊಳ್ಳಿ. ಆ ಲಾಂದ್ರದಮ್ಮ ಸ್ವಲ್ಪ ಬೆಳಕು ಕಮ್ಮಿ ಮಾಡ್ಕೊಂಡ್ರೆ ಒಳ್ಳೇದು, ಕನ್ನಡೀಲಿ ಕಣ್ಣಿಗೆ ಹೊಡೀತದೆ." ಅಪ್ಪನ ದನಿಯಲ್ಲಿ ಹಿಗ್ಗು ತುಂಬಿ ತುಳುಕುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಬೇರೆ ಬೇರೆ ಮುಖದ ಪ್ರಯಾಣಿಕರು ಹತ್ತಿದ್ದರು.

"ಎಲ್ಲಿದ್ದರೇನು," ಎಂದಳು ಬೆಂಕಿ, ಕಂಬಿ ಹಿಡಿದುಕೊಂಡು. "ಮಾನಿಟರ್, ಇಲ್ಲೇ ಒತ್ತಿ."

"ಆಗಲ್ಲ," ಎಂದಳು ಅವಳು. "ಒತ್ತಿದ್ರೆ ಈ ಬಸ್ಸೂ ಹೋಗುತ್ತೆ. ಇದು ನನ್ನ ಖಾತೇಲೇ ಇರೋದು. ಡ್ರೈವರು ನಮ್ಮಪ್ಪ."

ಎಂಜಿನ್ ಗುರುಗುಟ್ಟುತ್ತಿತ್ತು.

"ನಿಮ್ಮಪ್ಪನ ಮೇಲೆ ನಮಗೇನೂ ಸಿಟ್ಟಿಲ್ಲ," ಎಂದಳು ಬೆಂಕಿ. ದನಿ ಸ್ವಲ್ಪ ಇಳಿದಿತ್ತು. "ಆದ್ರೆ ಡಬ್ಬಿ ಮುಟ್ಟಿ ಹೇಳಿದ್ದೀರಿ. ಎಲ್ಲರ ಮನೇಲೂ ಒಬ್ಬರು ಅಪ್ಪ ಇರ್ತಾರೆ. ಹೀಗೆ ಅಂದ್ರೆ ದೊಡ್ಡಪ್ಪಂಗೆ ಯಾರು ಹೆದರುತಾರೆ? ಈಗಲೇ ಒತ್ತಬೇಕು ಅನ್ನೋರು ಕೈ ಎತ್ತಿ."

ಒಂದು ಕೈ ಎದ್ದಿತು. ಅದನ್ನು ನೋಡಿ ಇನ್ನೊಂದು. ವಕೀಲನ ರೆಕ್ಕೆ ಅರ್ಧ ಎದ್ದು ಅಲ್ಲೇ ತೂಗಾಡಿತು. ಏಳು ಕೈಗಳಾದವು.

ಅಪ್ಪ ಕನ್ನಡಿಯಲ್ಲಿ ನೋಡಿದ. "ಇಷ್ಟೂ ಜನ ಅಂಚೆ ಕಚೇರೀಲಿ ಇಳಿಯೋರಾ?" ಎಂದವನೇ ರಸ್ತೆಯ ಗುಂಡಿಯ ಮುಂದೆ ಬ್ರೇಕ್ ಒತ್ತಿದ. ಅವರೆಲ್ಲ ತಂತಮ್ಮ ಮನೆಗಳಲ್ಲಿ ಗಟ್ಟಿ ನೆಲದ ಮೇಲೆ ನಿಂತಿದ್ದವರೇ. ಆದರೂ ಬಸ್ಸು ಮುಗ್ಗರಿಸಿದ ಕೂಡಲೇ ಏಳೂ ಕೈಗಳು ಇಳಿದು ಸಿಕ್ಕ ಕಂಬಿ ಹಿಡಿದುಕೊಂಡವು. ಎಲ್ಲೋ ಯಾರದೋ ಮನೆಯಲ್ಲಿ ಹೂಜಿ ಒಡೆದ ಸದ್ದು ಬಂತು.

"ಮತ ಬಿದ್ದುಹೋಯ್ತು," ಎಂದ ಪ್ಲಂಬರ್.

ಅಪ್ಪ ಎಂಜಿನ್ ಆರಿಸಿದ. "ಏನಮ್ಮ ಅದು ಒತ್ತೋದು?" ಈ ಸಲ ಗೋಡೆಯಾಚೆಯ ದನಿಯೇ ಜೋರಾಗಿತ್ತು. ಲಾಂದ್ರ ಯಾರೆಂದು ಅವನಿಗೆ ಗೊತ್ತಾಗಿಹೋಗಿತ್ತು.

ಅವಳು ಎಲ್ಲವನ್ನೂ ಹೇಳಿದಳು. ದೊಡ್ಡಪ್ಪ, ಡಬ್ಬಿ, ಆಣೆ, ಮೊದಲ ಗುಂಡಿ. ಅಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದ.

"ಮಾತು ಕೊಟ್ಟಿದ್ದೀಯಾ?"

"ಕೊಟ್ಟಿದ್ದೀನಿ."

"ಹಾಗಾದ್ರೆ ಒತ್ತಬೇಕು." ಅಪ್ಪ ಸ್ಟೀರಿಂಗಿನಿಂದ ಕೈ ತೆಗೆದ. ಗೋಡೆಯಾಚೆ ಅಮ್ಮ ಏನೋ ಪಾತ್ರೆಯನ್ನು ಕುಕ್ಕಿದಳು. "ಆದ್ರೆ ದಾರೀಲಿ ಬಸ್ಸು ಬಿಟ್ಟು ಇಳಿದವನಲ್ಲ ನಾನು. ಮೂವತ್ತೊಂದು ವರ್ಷ ಒಂದು ದಿನಾನೂ ಇಲ್ಲ. ಡಿಪೋಗೆ ಸೇರಿಸಿ, ತೊಳೆಸಿ, ಕೀ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕ್ತೀನಿ. ಆಮೇಲೆ ಏನು ಬೇಕಾದ್ರೂ ಒತ್ಕೋ. ಡಿಪೋ ಎಲ್ಲಿಟ್ಟಿದ್ದೀಯ?"

"ಡಿಪೋ ಕಟ್ಟಿಲ್ಲ ಅಪ್ಪ. ಕೊನೇ ಸ್ಟಾಪ್ ಆದ ಮೇಲೆ ಮತ್ತೆ ಮೊದಲಿಂದ ಬರುತ್ತೆ."

"ಡಿಪೋ ಇಲ್ದೇನೇ ಮೂರು ವರ್ಷ ಬಸ್ಸು ಬಿಟ್ಟಿದ್ದೀಯಾ?" ಅಪ್ಪನಿಗೆ ನಿಜವಾದ ಆಘಾತವಾಗಿತ್ತು. "ಮೊದಲು ಕಟ್ಟು. ಆಮೇಲೆ ಒತ್ತು."

"ಇದು ನೆಪ," ಎಂದಳು ಬೆಂಕಿ.

"ನೆಪ ಅಲ್ಲಮ್ಮ, ಡ್ಯೂಟಿ," ಎಂದ ಅಪ್ಪ. "ನೀನು ಮಕ್ಕಳನ್ನ ನೋಡ್ಕೊಳ್ಳೋಳು ಅಂತ ಕಾಣುತ್ತೆ, ಮಾತಲ್ಲೇ ಗೊತ್ತಾಗುತ್ತೆ. ಗಂಟೆ ಹೊಡೀತು ಅಂತ ಮಕ್ಕಳನ್ನ ರಸ್ತೇಲಿ ಬಿಟ್ಟು ಮನೆಗೆ ಹೋಗ್ತೀಯಾ?"

ವಕೀಲ ಗಂಟಲು ಸರಿಮಾಡಿಕೊಂಡ. "ಕ್ರಮ ಅಂತೂ ಸ್ಪಷ್ಟ ಇದೆ. ಮೊದಲ ಗುಂಡಿ ಮಾನಿಟರದ್ದು. ಅವರು ಒತ್ತೋವರೆಗೂ ನಾವ್ಯಾರೂ ಒತ್ತೋ ಹಾಗಿಲ್ಲ. ಡಿಪೋ ಆಗೋವರೆಗೂ ಅವರು ಒತ್ತೋ ಹಾಗಿಲ್ಲ. ಹಾಗಾಗಿ ಸದ್ಯಕ್ಕೆ," ಎಂದು ಒಂದು ಕ್ಷಣ ನಿಲ್ಲಿಸಿದ, "ನಾವೆಲ್ಲ ಇದ್ದ ಹಾಗೇ ಇರಬೇಕಾಗುತ್ತೆ. ಬಹಳ ನೋವಿನ ವಿಷಯ."

ಬಸ್ಸಿನ ತುಂಬ ಬಹಳ ನೋವಿನ ನಿಟ್ಟುಸಿರು ಹೊರಟಿತು. ಒಬ್ಬೊಬ್ಬರೇ ಸೀಟು ಹುಡುಕಿ ಕೂತರು. ಪ್ಲಂಬರ್ ಕಿಟಕಿ ಪಕ್ಕದ ಜಾಗಕ್ಕೆ ಒಬ್ಬನೊಂದಿಗೆ ಸಣ್ಣ ಜಗಳವನ್ನೂ ಆಡಿದ.

ಬೆಂಕಿ ಮಾತ್ರ ಅಂಚೆ ಕಚೇರಿಯ ಮುಂದೆ ಇಳಿದಳು. ಫುಟ್‌ಪಾತಿನ ಮೇಲೆ ನಿಂತು, ಎಲ್ಲರನ್ನೂ ಒಮ್ಮೆ ನೋಡಿ, ಕ್ರಮವನ್ನೂ ಮುರಿದು ತನ್ನ ಗುಂಡಿ ಒತ್ತಿಬಿಟ್ಟಳು. ಬಿಳಿ ಮೊಲ ಕಿವಿಯಿಂದ ಶುರುವಾಗಿ ಕಾಲಿನವರೆಗೂ ಮಾಯವಾಯಿತು.

"ಇಳಿದ ತಕ್ಷಣ ಎಲ್ಲಿ ಹೋದ್ರು?" ಅಪ್ಪ ಗಾಬರಿಯಾದ.

"ಮಾತಿನ ಪ್ರಕಾರ ಹೋದ್ರು," ಎಂದಳು ಅವಳು. ಆ ಸಂಜೆ ಬಳಗಕ್ಕೆ ತಪ್ಪೊಪ್ಪಿಗೆ ಬರೆದು ಮಾನಿಟರ್ ಪಟ್ಟವನ್ನು ಬಿಟ್ಟುಕೊಟ್ಟಳು. ಕೆಳಗೆ ಬಿದ್ದ ಮಾತುಗಳಲ್ಲಿ ಅರ್ಧದಷ್ಟನ್ನು ಹಿಂದಿನ ದಿನವಾಗಿದ್ದರೆ ಅವಳೇ ಅಳಿಸುತ್ತಿದ್ದಳು. ಈಗ ಕೂತು ಓದಬೇಕಾಯಿತು. ಎರಡು ದಿನದ ಮೇಲೆ 'ಬೂದಿ' ಎಂಬ ಹೊಸ ಸದಸ್ಯೆಯೊಬ್ಬಳು ಹರಟೆಕಟ್ಟೆಗೆ ಬಂದು, ಬೆಂಕಿ ಹೋದದ್ದಕ್ಕೆ ಯಾರ್‍ಯಾರು ಅತ್ತರು ಎಂದು ವಿಚಾರಿಸಿದಳು.

ಡಿಪೋ ಕೆಲಸ ಶುರುವಾಯಿತು. ಅವಳು ಅದನ್ನು ಬೇಕೆಂದು ನಿಧಾನ ಮಾಡಲಿಲ್ಲ. ಅದೊಂದು ಮಾನ ಅವಳಿಗೆ ಉಳಿದಿತ್ತು. ದಿನಾ ಅಂಗಡಿಯಿಂದ ಬಂದು ಗೋಡೆ ಎಬ್ಬಿಸಿದಳು, ಟೈರಿನ ರಾಶಿ ಇಟ್ಟಳು, ಸಹಿ ಮಾಡುವ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಬಸ್ಸು ತೊಳೆಯುವ ಜಾಗದ ನೀರು ಎತ್ತ ಹರಿಯಬೇಕೆಂದು ಪ್ಲಂಬರ್ ಮತ್ತು ಅಪ್ಪ ಒಂದು ವಾರ ವಾದಿಸಿದರು. ಏಳನೆಯ ವಾರ ಕೊನೆಯ ಗೋಡೆ ಮುಗಿಯಿತು. ಅಪ್ಪನನ್ನು ಕರೆದಳು. ವಕೀಲ ಹಿಂದಿನ ಸೀಟಿನಲ್ಲಿ ಸಾಕ್ಷಿಯಾಗಿ ಕೂತಿದ್ದ.

ಅಪ್ಪ ಬಸ್ಸನ್ನು ಗೇಟಿನವರೆಗೆ ತಂದು ನಿಲ್ಲಿಸಿದ. ಇಳಿದ. ಅರ್ಧ ಕಣ್ಣಿನಲ್ಲಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತ ನಡೆದ, ವಾಪಸು ಬಂದ, ಗೇಟಿನ ಅಗಲವನ್ನು ಹೆಜ್ಜೆಯಲ್ಲಿ ಅಳೆದ. ಹಾಲ್‌ನಲ್ಲಿ ಇಸ್ತ್ರಿ ಮಣೆಗೆ ಕಾಲು ಬಡಿದ ಸದ್ದಾಯಿತು.

"ಚೆನ್ನಾಗಿದೆ," ಎಂದ.

ಅವಳು ಕಣ್ಣು ಮುಚ್ಚಿದಳು.

"ಬಸ್ಸು ತಿರುಗಲ್ಲ," ಎಂದ ಅಪ್ಪ. "ಎಡಗಡೆ ಗೋಡೆ ಒಡಿ."

"ಅಂದಾಜು ಎಷ್ಟು ದಿನ ಹಿಡಿಯುತ್ತೆ ಅಂತ ಬರ್ಕೊಳ್ಳಲಿ, ಯಜಮಾನ್ರೇ?" ವಕೀಲ ಕೇಳಿದ.

"ನಮ್ಮ ಡಿಪೋಗೆ ಹನ್ನೆರಡು ವರ್ಷ ಹಿಡೀತು," ಎಂದು ಅಪ್ಪ ಮತ್ತೆ ಹತ್ತಿ ಕೂತು ಎಂಜಿನ್ ಶುರು ಮಾಡಿದ. "ಅಲ್ಲಿ ಎಂಜಿನಿಯರುಗಳು ಇದ್ರು. ಇವಳು ಒಬ್ಬಳೇ."